ಚುಚ್ಚುಮದ್ದಿನ ರಾತ್ರಿಯ ಜ್ವರ

ಮದ್ದೂರಿನಲ್ಲಿ ಒಂದು ಮನೆಯಿದೆ ಎಂದು ಭಾವಿಸಿಕೊಳ್ಳಿ. ಅಂಥ ಮನೆಗಳು ಎಲ್ಲ ಊರುಗಳಲ್ಲಿಯೂ ಇವೆ. ರಾತ್ರಿ ಹತ್ತೂವರೆ ಗಂಟೆ. ಮೈಸೂರಿನ ಕಡೆಗೆ ಹೋಗುವ ರೈಲಿನ ಸದ್ದು ಅಡಗಿ ಊರು ನಿದ್ರೆಗೆ ಜಾರಿದೆ. ಆದರೆ ಈ ಮನೆಯ ಬಾಣಂತಿಯ ಕೋಣೆಯಲ್ಲಿ ಮಾತ್ರ ಇನ್ನೂ ದೀಪ ಆರಿಲ್ಲ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದ ಮಗಳು ಒಂದೂವರೆ ತಿಂಗಳ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಗೋಡೆಗೊರಗಿ ಕುಳಿತಿದ್ದಾಳೆ. ಆ ದಿನ ಬೆಳಿಗ್ಗೆ ಕೂಸಿಗೆ ಚುಚ್ಚುಮದ್ದು ಹಾಕಿಸಲಾಗಿದೆ. ಮಧ್ಯಾಹ್ನದವರೆಗೆ ಹಾಲು ಕುಡಿದು ಸುಖವಾಗಿ ಮಲಗಿದ್ದ ಮಗು ಸಂಜೆಯಿಂದ ಒಂದೇ ಸಮನೆ ಕೊಸರಾಡುತ್ತಿದೆ.

“ಅಮ್ಮಾ, ಮುಟ್ಟಿ ನೋಡು. ಮೈ ಕಾದ ಹಂಚಿನ ಹಾಗಿದೆ.”

“ಸೂಜಿ ಹಾಕಿಸಿದ ದಿನ ಇದೆಲ್ಲ ಇದ್ದದ್ದೇ ಕಣೆ. ನಿನಗೂ ಹೀಗೆಯೇ ಆಗಿತ್ತು. ಇರು, ತೊಡೆಗೆ ಒಂದಿಷ್ಟು ಬಿಸಿನೀರಿನ ಶಾಖ ಕೊಟ್ಟು ಚೆನ್ನಾಗಿ ತಿಕ್ಕೋಣ.”

ಅಷ್ಟರಲ್ಲಿ ಮಳವಳ್ಳಿಯಿಂದ ಫೋನು ಬರುತ್ತದೆ. ಅತ್ತೆಯ ಧ್ವನಿ: “ಚೆನ್ನಾಗಿದ್ದ ಮಗುವಿಗೆ ಇಲ್ಲದ ಜ್ವರ ತಂದುಕೊಂಡಿರಲ್ಲಮ್ಮ! ಮುಂದಿನ ಸೂಜಿಗೆ ಕರೆದುಕೊಂಡು ಹೋಗುವುದೇ ಬೇಡ.” ಅದಾದ ಮೇಲೆ ಮಂಡ್ಯದಲ್ಲಿ ಕೆಲಸದಲ್ಲಿರುವ ಗಂಡನ ಕರೆ: “ಜ್ವರಕ್ಕೆ ಸಿರಪ್ ಎರಡು ಮಿಲಿಲೀಟರ್ ಹಾಕಬಹುದಂತೆ. ಸಿರಪ್ ಇಲ್ಲದಿದ್ದರೇನು, ಹನಿಮದ್ದಿನ ಶೀಶೆ ಇದೆಯಲ್ಲ, ಅದರಿಂದಲೇ ಅಷ್ಟು ಹಾಕಿಬಿಡು.”

ಅಜ್ಜಿ, ಅತ್ತೆ, ಗಂಡ, ಈ ಮೂವರೂ ಕೂಸಿನ ಹಿತವನ್ನೇ ಬಯಸುವವರು, ಅದರಲ್ಲಿ ಸಂದೇಹವಿಲ್ಲ. ಆದರೆ ಮೂವರ ಸಲಹೆಯಲ್ಲಿಯೂ ಒಂದೊಂದು ತೊಡಕು ಅಡಗಿದೆ. ಚುಚ್ಚುಮದ್ದಿನಿಂದ ಬರುವ ಜ್ವರವು ಬಹುಮಟ್ಟಿಗೆ ಒಂದೆರಡು ದಿನದ ಅತಿಥಿ. ಆ ಅತಿಥಿಯನ್ನು ಕಂಡು ಗಾಬರಿಗೊಂಡ ಮನೆಯವರು ಮಾಡುವ ತಪ್ಪುಗಳೇ ಎಷ್ಟೋ ವೇಳೆ ಜ್ವರಕ್ಕಿಂತ ಹೆಚ್ಚಿನ ಕೇಡನ್ನು ತರುತ್ತವೆ.

ಜ್ವರ ಬರುವುದೇಕೆ?

ಒಂದೂವರೆ ತಿಂಗಳು ತುಂಬಿದ ಕೂಸಿಗೆ ನಮ್ಮ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಕೊಡುವ ಮುಖ್ಯ ಚುಚ್ಚುಮದ್ದಿನ ಹೆಸರು ಪೆಂಟಾವೇಲೆಂಟ್. ಹೆಸರೇ ಹೇಳುವಂತೆ ಇದು ಐದು ರೋಗಗಳನ್ನು ಒಮ್ಮೆಗೇ ಎದುರಿಸುವ ಮದ್ದು: ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ‘ಬಿ’ ಎಂಬ ಕಾಮಾಲೆ, ಮತ್ತು ಹಿಬ್ ಎಂಬ ರೋಗಾಣುವಿನಿಂದ ಬರುವ ನ್ಯುಮೋನಿಯಾ ಹಾಗೂ ಮಿದುಳು ಪೊರೆಯ ಉರಿಯೂತ. ಇದನ್ನು 6, 10 ಮತ್ತು 14ನೆಯ ವಾರಗಳಲ್ಲಿ ಮೂರು ಬಾರಿ ಹಾಕಿಸಬೇಕು. ಇದರೊಡನೆ ಪೋಲಿಯೋ, ನ್ಯುಮೋಕಾಕಸ್, ರೋಟಾ ವೈರಸ್ ಲಸಿಕೆಗಳೂ ಸೇರಿಕೊಳ್ಳುತ್ತವೆ.

ಈ ಐದರಲ್ಲಿ ಜ್ವರ ತರುವುದರಲ್ಲಿ ಮುಂದಾಳು ನಾಯಿಕೆಮ್ಮಿನ ಭಾಗ. ಅದರಲ್ಲಿ ಇರುವುದು ಕೊಂದ ರೋಗಾಣುವಿನ ಇಡಿಯ ದೇಹ. ಸತ್ತ ಶತ್ರುವಾದರೂ ಶತ್ರುವೇ ಎಂದು ಕೂಸಿನ ರಕ್ತದ ಕಾವಲುಗಾರರು ಅದನ್ನು ಗುರುತಿಸಿ ಎಚ್ಚರಗೊಳ್ಳುತ್ತಾರೆ. ಅವರು ಹೊರಸೂಸುವ ಕೆಲವು ರಾಸಾಯನಿಕ ದ್ರವ್ಯಗಳು ಮಿದುಳಿನಲ್ಲಿರುವ ತಾಪ ನಿಯಂತ್ರಣದ ಕೇಂದ್ರವನ್ನು ಮುಟ್ಟಿ, ಮೈಯ ಬಿಸಿಯನ್ನು ಒಂದೆರಡು ಮೆಟ್ಟಿಲು ಮೇಲಕ್ಕೆ ಏರಿಸುತ್ತವೆ. ಇದೇ ಜ್ವರ. ರೋಗವಿಲ್ಲದೆ ರೋಗದ ವಿರುದ್ಧ ಕವಾಯತು ನಡೆದಂತೆ ಇದು. ಈ ಬಗೆಯ ಮದ್ದು ಹಾಕಿಸಿಕೊಂಡ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳಿಗೂ ಜ್ವರ ಬರುವುದುಂಟು. ಹಾಗೆಂದು ಜ್ವರ ಬಾರದ ಮಗುವಿಗೆ ಮದ್ದು ಹತ್ತಲಿಲ್ಲವೆಂದು ಚಿಂತಿಸಬೇಕಾಗಿಲ್ಲ. ಕವಾಯತು ಸದ್ದಿಲ್ಲದೆಯೂ ನಡೆಯಬಹುದು.

ಎಂದು ಬರುತ್ತದೆ, ಎಂದು ಹೋಗುತ್ತದೆ?

ಎಲ್ಲ ಲಸಿಕೆಯ ಜ್ವರವೂ ಒಂದೇ ಹೊತ್ತಿಗೆ ಬರುವುದಿಲ್ಲ. ಈ ಲೆಕ್ಕ ತಿಳಿದಿದ್ದರೆ ಅರ್ಧ ಗಾಬರಿ ಇಳಿಯುತ್ತದೆ. ಪೆಂಟಾವೇಲೆಂಟ್ ಮದ್ದಿನ ಜ್ವರ ಸಾಮಾನ್ಯವಾಗಿ ಆ ದಿನವೇ ಸಂಜೆಯ ವೇಳೆಗೆ ಏರಿ, ಒಂದೆರಡು ದಿನಗಳಲ್ಲಿ ತಾನೇ ಇಳಿಯುತ್ತದೆ. ಸೂಜಿ ಚುಚ್ಚಿದ ತೊಡೆ ಕೆಂಪಾಗಿ ಊದಿಕೊಳ್ಳುವುದು, ಮಗು ಹಟಮಾಡುವುದು, ಎಂದಿಗಿಂತ ಹೆಚ್ಚು ನಿದ್ದೆ ಮಾಡುವುದು, ಹಾಲು ಸ್ವಲ್ಪ ಕಡಮೆ ಕುಡಿಯುವುದು, ಇವೆಲ್ಲ ಅದೇ ಕಾಲದಲ್ಲಿ ಬಂದು ಅದೇ ಕಾಲದಲ್ಲಿ ಹೋಗುತ್ತವೆ.

ಒಂಬತ್ತು ತಿಂಗಳು ತುಂಬಿದಾಗ ಹಾಕಿಸುವ ದಢಾರ-ರುಬೆಲ್ಲಾ ಲಸಿಕೆಯ ರೀತಿಯೇ ಬೇರೆ. ಅದರಲ್ಲಿರುವುದು ಬಲಗುಂದಿಸಿದ ಜೀವಂತ ವೈರಸ್. ಅದು ಮೈಯಲ್ಲಿ ಬೆಳೆದು ಜ್ವರ ತರಬೇಕಾದರೆ ಸಮಯ ಹಿಡಿಯುತ್ತದೆ. ಆದ್ದರಿಂದ ಜ್ವರವೂ, ಕೆಲವೊಮ್ಮೆ ಸಣ್ಣ ಗಂಧೆಗಳೂ, ಐದಾರು ದಿನಗಳಿಂದ ಹನ್ನೆರಡು ದಿನಗಳ ನಡುವೆ ಕಾಣಿಸಿಕೊಳ್ಳುತ್ತವೆ. ಹುಟ್ಟಿದಾಗ ಎಡತೋಳಿಗೆ ಹಾಕಿಸಿದ ಬಿಸಿಜಿ ಮದ್ದು ಜ್ವರ ತರುವುದು ವಿರಳ. ಆದರೆ ಕೆಲವು ವಾರಗಳ ಮೇಲೆ ಅಲ್ಲಿ ಚಿಕ್ಕ ಗುಳ್ಳೆಯೆದ್ದು, ಒಡೆದು, ಮಾಯ್ದು ಕಲೆ ನಿಲ್ಲುತ್ತದೆ. ಆ ಗುಳ್ಳೆಗೆ ಮುಲಾಮು ಹಚ್ಚುವುದಾಗಲಿ ಹಿಚುಕುವುದಾಗಲಿ ಬೇಡ.

ಆ ರಾತ್ರಿ ಮಾಡಬೇಕಾದುದು

ಮೊದಲನೆಯ ಕೆಲಸ ಅಳತೆ. ಅಂಗೈಯ ಅಂದಾಜು ಸಾಲದು. ತಾಯಿಯ ಕೈ ತಣ್ಣಗಿದ್ದರೆ ಕೂಸಿನ ಮೈ ಬೆಂಕಿಯಂತೆ ತೋರುತ್ತದೆ. ಡಿಜಿಟಲ್ ಥರ್ಮಾಮೀಟರನ್ನು ಮಗುವಿನ ಬರಿಯ ಕಂಕುಳಲ್ಲಿಟ್ಟು, ತೋಳನ್ನು ಮೃದುವಾಗಿ ಒತ್ತಿ ಹಿಡಿದು, ಸದ್ದಾಗುವವರೆಗೆ ಕಾಯಬೇಕು. ಕಂಕುಳಲ್ಲಿ 99.5 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಜ್ವರವೆಂದು ತಿಳಿಯಬಹುದು. ಎಷ್ಟು ಗಂಟೆಗೆ ಎಷ್ಟು ಡಿಗ್ರಿಯಿತ್ತೆಂದು ಒಂದು ಚೀಟಿಯಲ್ಲಿ ಬರೆದಿಟ್ಟರೆ, ವೈದ್ಯರ ಬಳಿಗೆ ಹೋಗಬೇಕಾಗಿ ಬಂದಾಗ ಆ ಚೀಟಿ ನೂರು ಮಾತಿನ ಕೆಲಸ ಮಾಡುತ್ತದೆ.

ಎರಡನೆಯದು ಗಾಳಿ. ಬಾಣಂತಿಯ ಕೋಣೆಯೆಂದರೆ ಕಿಟಕಿ ಮುಚ್ಚಿ, ಕೂಸಿಗೆ ಕುಲಾವಿ ಕಟ್ಟಿ, ಉಣ್ಣೆಯ ಹೊದಿಕೆ ಸುತ್ತುವುದು ನಮ್ಮಲ್ಲಿ ವಾಡಿಕೆ. ಚಳಿಗಾಲದ ಇರುಳಿಗೆ ಅದು ಸರಿಯಿರಬಹುದು. ಜ್ವರವೇರಿದ ಕೂಸಿಗೆ ಮಾತ್ರ ಸಲ್ಲದು. ಒಳಗಿನ ಕಾವು ಹೊರಗೆ ಹೋಗಲು ದಾರಿಯಿಲ್ಲದೆ ಜ್ವರ ಇನ್ನಷ್ಟು ಏರುತ್ತದೆ. ತೆಳುವಾದ ಒಂದು ಹತ್ತಿಯ ಅಂಗಿ ಸಾಕು. ಕಿಟಕಿ ತೆರೆದಿರಲಿ.

ಮೂರನೆಯದು ಎದೆಹಾಲು. ಜ್ವರದಲ್ಲಿ ಮೈಯ ನೀರು ಬೇಗ ಆರುತ್ತದೆ. ಮಗು ಒಂದೇ ಸಲಕ್ಕೆ ಹೆಚ್ಚು ಕುಡಿಯದಿದ್ದರೆ ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಕುಡಿಸಬೇಕು. ಆರು ತಿಂಗಳು ತುಂಬದ ಕೂಸಿಗೆ ನೀರು, ಜೇನು, ಗ್ರೈಪ್ ವಾಟರ್, ತೇಯ್ದ ಬಜೆ ಯಾವುದೂ ಬೇಡ. ತಾಯಿಯ ತೋಳು, ತಾಯಿಯ ಹಾಲು ಇವೆರಡೇ ಆ ವಯಸ್ಸಿನ ನೋವು ನಿವಾರಕಗಳು.

ನಾಲ್ಕನೆಯದು ತೊಡೆಯ ಆರೈಕೆ. ಮದ್ದೂರಿನ ಅಜ್ಜಿ ಹೇಳಿದ ಬಿಸಿ ಶಾಖವನ್ನಾಗಲಿ ತಿಕ್ಕುವಿಕೆಯನ್ನಾಗಲಿ ಮಾಡಕೂಡದು; ತಿಕ್ಕಿದರೆ ಊತವೂ ನೋವೂ ಹೆಚ್ಚುತ್ತವೆ. ಶುಭ್ರವಾದ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ, ಹಿಂಡಿ, ಊದಿದ ಜಾಗದ ಮೇಲೆ ಮೆಲ್ಲನೆ ಇಟ್ಟರೆ ಹಾಯೆನಿಸುತ್ತದೆ. ಅರಿಸಿನ, ಸುಣ್ಣ, ಎಣ್ಣೆಗಳನ್ನು ಹಚ್ಚಬಾರದು. ಎರೆಯುವ ನೀರಿನಲ್ಲಿ ದೋಷವಿಲ್ಲವಾದರೂ, ಕಾಲು ನೀವಿ ನೀವಿ ಎರೆಯುವ ಎಣ್ಣೆಸ್ನಾನವನ್ನು ಒಂದೆರಡು ದಿನ ಮುಂದಕ್ಕೆ ಹಾಕುವುದು ಒಳಿತು.

ಜ್ವರ ಹೆಚ್ಚಿದಾಗ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೈ ಒರೆಸಬಹುದು. ಮಂಜುಗಡ್ಡೆಯ ನೀರು ಬೇಡ. ಅದರಿಂದ ಕೂಸು ನಡುಗಿ, ಮೈಯ ಕಾವು ಇಳಿಯುವ ಬದಲು ಏರುತ್ತದೆ.

ಎರಡು ಶೀಶೆಗಳ ಕಥೆ

ಇನ್ನು ಔಷಧದ ಮಾತು. ಎಳೆಯ ಮಕ್ಕಳ ಜ್ವರಕ್ಕೆ ಸಲ್ಲುವ ಔಷಧ ಪ್ಯಾರಾಸಿಟಮಾಲ್. ಅದರ ಪ್ರಮಾಣವನ್ನು ನಿರ್ಧರಿಸುವುದು ಮಗುವಿನ ವಯಸ್ಸಲ್ಲ, ತೂಕ. ಕಿಲೋ ಒಂದಕ್ಕೆ 10ರಿಂದ 15 ಮಿಲಿಗ್ರಾಂ ಎಂಬುದು ವೈದ್ಯರ ಲೆಕ್ಕ. ಒಂದು ಸಲ ಕೊಟ್ಟ ಮೇಲೆ ನಾಲ್ಕರಿಂದ ಆರು ಗಂಟೆಗಳ ಅಂತರವಿರಬೇಕು. ಇಪ್ಪತ್ತನಾಲ್ಕು ಗಂಟೆಗಳಲ್ಲಿ ನಾಲ್ಕು ಸಲಕ್ಕಿಂತ ಹೆಚ್ಚಾಗಕೂಡದು.

ಇಲ್ಲಿಯೇ ಮಂಡ್ಯದಿಂದ ಬಂದ ಗಂಡನ ಸಲಹೆಯ ಅಪಾಯವಿರುವುದು. ಅಂಗಡಿಯಲ್ಲಿ ಪ್ಯಾರಾಸಿಟಮಾಲ್ ಎರಡು ಬಗೆಯ ಶೀಶೆಗಳಲ್ಲಿ ಸಿಗುತ್ತದೆ. ಸಾಮಾನ್ಯವಾದ ಸಿರಪ್ಪಿನ 5 ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ ಔಷಧವಿರುತ್ತದೆ. ಹನಿಮದ್ದಿನ ಚಿಕ್ಕ ಶೀಶೆಯಲ್ಲಿಯಾದರೋ 1 ಮಿಲಿಲೀಟರಿನಲ್ಲಿಯೇ 100 ಮಿಲಿಗ್ರಾಂ. ಶೀಶೆ ಚಿಕ್ಕದಾದ ಮಾತ್ರಕ್ಕೆ ಮದ್ದು ಮೃದುವೆಂದು ತಿಳಿದವರು ಮೋಸಹೋದಂತೆಯೇ. ನಾಲ್ಕು ಕಿಲೋ ತೂಕದ ಕೂಸಿಗೆ ಬೇಕಾದದ್ದು 40ರಿಂದ 60 ಮಿಲಿಗ್ರಾಂ. ಎರಡು ಮಿಲಿಲೀಟರ್ ಸಿರಪ್ಪಿನಲ್ಲಿ ದೊರೆಯುವುದು 50 ಮಿಲಿಗ್ರಾಂ, ಸರಿಯಾಯಿತು. ಅದೇ ಎರಡು ಮಿಲಿಲೀಟರನ್ನು ಹನಿಮದ್ದಿನ ಶೀಶೆಯಿಂದ ಹಾಕಿದರೆ 200 ಮಿಲಿಗ್ರಾಂ, ಎಂದರೆ ನಾಲ್ಕು ಪಟ್ಟು! ಹೀಗೆ ಮತ್ತೆ ಮತ್ತೆ ಹಾಕಿದರೆ ಕೂಸಿನ ಪಿತ್ತಜನಕಾಂಗಕ್ಕೇ ಕುತ್ತು. ಆದುದರಿಂದ ಶೀಶೆಯ ಮೇಲಿನ ಬರೆಹವನ್ನು ದೀಪದ ಬೆಳಕಿನಲ್ಲಿ ಓದದೆ ಹನಿಯನ್ನೂ ಹಾಕಬಾರದು; ಅಡುಗೆಮನೆಯ ಚಮಚದಿಂದ ಅಳೆಯಬಾರದು; ಆ ಶೀಶೆಯ ಜೊತೆಗೆ ಬಂದ ಅಳತೆಗೊಳವೆಯನ್ನೇ ಬಳಸಬೇಕು. ಎಲ್ಲಕ್ಕಿಂತ ಉತ್ತಮವಾದ ಮಾರ್ಗವೆಂದರೆ, ಚುಚ್ಚುಮದ್ದು ಹಾಕಿಸಿದ ಸ್ಥಳದಲ್ಲಿಯೇ ಕೂಸನ್ನು ತೂಗಿಸಿ, ಯಾವ ಶೀಶೆಯಿಂದ ಎಷ್ಟು ಎಂಬುದನ್ನು ತಾಯಿ ಕಾರ್ಡಿನ ಮೇಲೆ ಬರೆಸಿಕೊಂಡು ಬರುವುದು.

ಜ್ವರ ಬರುವ ಮೊದಲೇ ಮುನ್ನೆಚ್ಚರಿಕೆಯೆಂದು ಔಷಧ ಕುಡಿಸುವವರೂ ಉಂಟು. ಇದು ಬೇಡ. 2009ರಲ್ಲಿ ಚೆಕ್ ದೇಶದ ಶಿಶುಗಳ ಮೇಲೆ ನಡೆದ ಅಧ್ಯಯನವೊಂದು, ಹೀಗೆ ಮೊದಲೇ ಪ್ಯಾರಾಸಿಟಮಾಲ್ ಕೊಟ್ಟ ಮಕ್ಕಳಲ್ಲಿ ಕೆಲವು ಲಸಿಕೆಗಳಿಂದ ಹುಟ್ಟುವ ರಕ್ಷಣಾ ದ್ರವ್ಯ ಕಡಮೆಯಾಗುವುದನ್ನು ತೋರಿಸಿತು. ಜ್ವರ ಬಂದು ಮಗು ಸಂಕಟಪಟ್ಟಾಗ ಕೊಟ್ಟರೆ ಸಾಕು.

ದೊಡ್ಡವರ ಜ್ವರದ ಮಾತ್ರೆಯನ್ನು ಮುರಿದು ಪುಡಿಮಾಡಿ ಕೊಡುವ ಸಾಹಸವಂತೂ ಎಂದಿಗೂ ಬೇಡ. ಆಸ್ಪಿರಿನ್ ಮಕ್ಕಳಿಗೆ ವರ್ಜ್ಯ. ನಿಮೆಸುಲೈಡ್ ಎಂಬ ಔಷಧವನ್ನು ಹನ್ನೆರಡು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಕೊಡುವುದನ್ನು ಭಾರತ ಸರ್ಕಾರ 2011ರಲ್ಲಿಯೇ ನಿಷೇಧಿಸಿದೆ. ಐಬುಪ್ರೊಫೆನ್, ಮೆಫೆನಾಮಿಕ್ ಆಮ್ಲದ ಔಷಧಗಳು ಆರು ತಿಂಗಳೊಳಗಿನ ಕೂಸಿಗೆ ಸಲ್ಲವು.

ಕಾಯಬಾರದ ಜ್ವರ

ಚುಚ್ಚುಮದ್ದಿನ ಜ್ವರ ಸಾಧುವೆಂದ ಮಾತ್ರಕ್ಕೆ ಆ ರಾತ್ರಿಯ ಜ್ವರವೆಲ್ಲ ಚುಚ್ಚುಮದ್ದಿನದೇ ಎಂದು ಭಾವಿಸಿ ನಿಶ್ಚಿಂತರಾಗಿರುವುದೂ ತಪ್ಪು. ಬೇರೊಂದು ಸೋಂಕು ಅದೇ ದಿನವೇ ಕಾಲಿಡಬಾರದೆಂಬ ನಿಯಮವೇನೂ ಇಲ್ಲವಷ್ಟೆ. ಮೂರು ತಿಂಗಳು ತುಂಬದ ಕೂಸಿನ ವಿಷಯದಲ್ಲಿ ಎಚ್ಚರ ಇಮ್ಮಡಿಯಾಗಬೇಕು. ಆ ವಯಸ್ಸಿನಲ್ಲಿ ಜ್ವರ 100.4 ಡಿಗ್ರಿ ತಲುಪಿದರೆ, ಕಾರಣ ಸೂಜಿಯೆಂದೇ ತೋರಿದರೂ, ಅಂದೇ ವೈದ್ಯರ ಕಿವಿಗೆ ಹಾಕುವುದು ಕ್ಷೇಮ.

ಜ್ವರ 102 ಡಿಗ್ರಿ ದಾಟಿದರೆ, ಅಥವಾ ಎರಡು ದಿನ ಕಳೆದರೂ ಇಳಿಯದಿದ್ದರೆ, ಮಗು ಹಾಲನ್ನು ಪೂರ್ತಿಯಾಗಿ ಬಿಟ್ಟರೆ, ಮೂರು ಗಂಟೆಗೂ ಮಿಕ್ಕು ಸಮಾಧಾನವಿಲ್ಲದೆ ಅತ್ತರೆ, ಅಥವಾ ಎಂದೂ ಕೇಳದ ಕೀರಲು ಧ್ವನಿಯಲ್ಲಿ ಅತ್ತರೆ, ಎಬ್ಬಿಸಿದರೂ ಏಳದೆ ಬಟ್ಟೆಯಂತೆ ಜೋತುಬಿದ್ದರೆ, ಫಿಟ್ಸ್ ಬಂದರೆ, ಉಸಿರಾಟ ವೇಗವಾಗಿ ಪಕ್ಕೆ ಸೆಳೆಯುತ್ತಿದ್ದರೆ, ನೆತ್ತಿ ಉಬ್ಬಿದರೆ, ಮೈ ಬಿಳಿಚಿಕೊಂಡರೆ ಅಥವಾ ನೀಲಿಗಟ್ಟಿದರೆ, ಬೆಳಗಾಗಲೆಂದು ಕಾಯಬಾರದು. ಮದ್ದೂರು, ಮಳವಳ್ಳಿಗಳಲ್ಲಿ ತಾಲೂಕು ಆಸ್ಪತ್ರೆಗಳಿವೆ. ಮಂಡ್ಯದಲ್ಲಿ 2006ರಿಂದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಅದರ ಬೋಧನಾ ಆಸ್ಪತ್ರೆಯೂ ಇವೆ. 108 ಸಂಖ್ಯೆಗೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ.

ಮುಖ ಊದಿಕೊಂಡು, ಮೈಯೆಲ್ಲ ದದ್ದೆದ್ದು, ಉಸಿರು ಕಟ್ಟುವಂಥ ತೀವ್ರ ಅಲರ್ಜಿ ಅತಿ ವಿರಳ. ಹತ್ತು ಲಕ್ಷ ಚುಚ್ಚುಮದ್ದಿಗೆ ಒಂದರ ಆಸುಪಾಸು. ಅದು ಬರುವುದಾದರೆ ಬಹುಪಾಲು ಕೆಲವೇ ನಿಮಿಷಗಳಲ್ಲಿ ಬರುತ್ತದೆ. ಚುಚ್ಚುಮದ್ದಾದ ಮೇಲೆ ಅರ್ಧ ಗಂಟೆ ಅಲ್ಲಿಯೇ ಕುಳಿತಿರಿ ಎಂದು ಆರೋಗ್ಯ ಸಹಾಯಕಿ ಹೇಳುವುದು ಈ ಕಾರಣದಿಂದ, ಸುಮ್ಮನೆ ಕಾಯಿಸಲೆಂದಲ್ಲ.

ಹೆದರಿಕೆಗೆ ತೆತ್ತ ಬೆಲೆ

ಈಗ ಉಳಿದದ್ದು ಮಳವಳ್ಳಿಯ ಅತ್ತೆಯ ಮಾತು: “ಮುಂದಿನ ಸೂಜಿ ಬೇಡ.” ಮೂರು ಸಲಹೆಗಳಲ್ಲಿ ಇದೇ ಎಲ್ಲಕ್ಕಿಂತ ದುಬಾರಿಯಾದದ್ದು. ಒಂದು ದೇಶವೇ ಹೀಗೆ ಹೇಳಿ ನೋಡಿದೆ. 1974-75ರ ಚಳಿಗಾಲದಲ್ಲಿ ಜಪಾನಿನಲ್ಲಿ ನಾಯಿಕೆಮ್ಮಿನ ಭಾಗವುಳ್ಳ ಚುಚ್ಚುಮದ್ದು ಹಾಕಿಸಿಕೊಂಡ ಎರಡು ಶಿಶುಗಳು ಒಂದು ದಿನದೊಳಗೆ ತೀರಿಕೊಂಡವು. ದೇಶವೆಲ್ಲ ತಲ್ಲಣಿಸಿತು. ಅಲ್ಲಿಯವರೆಗೆ ಹತ್ತರಲ್ಲಿ ಎಂಟು ಮಕ್ಕಳು ಆ ಮದ್ದನ್ನು ಪಡೆಯುತ್ತಿದ್ದರು. 1976ರ ವೇಳೆಗೆ ಹತ್ತರಲ್ಲಿ ಒಂದು ಮಗುವೂ ಕಷ್ಟವಾಯಿತು. ಅಡಗಿದ್ದ ನಾಯಿಕೆಮ್ಮು ತಿರುಗಿ ಬಂದಿತು. 1979ರಲ್ಲಿ ಸುಮಾರು 13,000 ಮಂದಿಗೆ ರೋಗ ತಗುಲಿ 41 ಮಂದಿ ಸತ್ತರು. 1981ರಲ್ಲಿ ಆ ದೇಶ, ರೋಗಾಣುವಿನ ಇಡಿಯ ದೇಹದ ಬದಲು ಅದರ ಕೆಲವು ಅಂಶಗಳನ್ನು ಮಾತ್ರ ಆರಿಸಿಕೊಂಡ ಹೊಸ ಮದ್ದನ್ನು ಬಳಕೆಗೆ ತಂದಿತು. ನಮ್ಮ ಪಟ್ಟಣಗಳ ಖಾಸಗಿ ಚಿಕಿತ್ಸಾಲಯಗಳಲ್ಲಿ ‘ನೋವಿಲ್ಲದ ಚುಚ್ಚುಮದ್ದು’ ಎಂದು ಕರೆಯುವುದು ಈ ಬಗೆಯನ್ನೇ. ಇದರಲ್ಲಿ ಜ್ವರ, ಊತ ಕಡಮೆ, ನಿಜ. ಆದರೆ ನಾಯಿಕೆಮ್ಮಿನಿಂದ ಇದು ನೀಡುವ ರಕ್ಷಣೆ ಹಳೆಯ ಮದ್ದಿನದಕ್ಕಿಂತ ಬೇಗ ಕುಗ್ಗುತ್ತದೆ. ಹಳೆಯ ಮದ್ದು ಒಂದು ರಾತ್ರಿಯ ನಿದ್ದೆಯನ್ನು ಕಸಿದುಕೊಂಡು ಹೆಚ್ಚು ಕಾಲದ ಕಾವಲನ್ನು ಕೊಡುತ್ತದೆ. ಎರಡರಲ್ಲಿ ಯಾವುದನ್ನಾದರೂ ಹಾಕಿಸಬಹುದು. ಯಾವುದನ್ನೂ ಹಾಕಿಸದಿರುವುದೇ ಅಪರಾಧ.

ಮಂಡ್ಯದ ಸೀಮೆಯವರಿಗೆ ಈ ಮಾತಿನಲ್ಲಿ ವಿಶೇಷವಾದ ಅರ್ಥವಿದೆ. ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದು ಮಂಡ್ಯ, ಮದ್ದೂರು, ಮಳವಳ್ಳಿಗಳ ನೆಲವನ್ನು ಗದ್ದೆಯಾಗಿಸಿತು. ಭತ್ತದ ಗದ್ದೆಯ ನಿಂತ ನೀರಿನಲ್ಲಿಯೇ ಜಪಾನಿ ಮಿದುಳು ಜ್ವರವನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆಯೂ ಬೆಳೆಯುತ್ತದೆ. ಆದ್ದರಿಂದ ಈ ಜಿಲ್ಲೆಯ ಮಕ್ಕಳಿಗೆ ಒಂಬತ್ತು ತಿಂಗಳು ತುಂಬಿದಾಗ ಒಮ್ಮೆ, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳ ನಡುವೆ ಇನ್ನೊಮ್ಮೆ ಆ ರೋಗದ ಲಸಿಕೆಯನ್ನು ಹಾಕಲಾಗುತ್ತದೆ. ಮೊದಲ ಜ್ವರಕ್ಕೆ ಹೆದರಿ ತಾಯಿ ಕಾರ್ಡನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಿದ ಮನೆಯ ಮಗು ಈ ರಕ್ಷೆಯನ್ನೂ ಕಳೆದುಕೊಳ್ಳುತ್ತದೆ. ಲಸಿಕೆಯಿಂದ ಬರುವ ಜ್ವರಕ್ಕೂ ಮಿದುಳನ್ನು ಸುಡುವ ಜ್ವರಕ್ಕೂ ಹೆಸರೊಂದೇ, ಹೋಲಿಕೆಯಿಲ್ಲ.

ಇಂಥ ಅಳುಕು ಹೊಸದೇನಲ್ಲ. ಸಿಡುಬನ್ನು ‘ಅಮ್ಮ’ನೆಂದು ಕರೆದು, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಮಾರಿಯ ಮುಂದೆ ಕೈಮುಗಿದು ನಿಂತ ನಾಡು ಇದು. ಆ ಸಿಡುಬಿಗೆ ಮದ್ದು ಬಂದಾಗ ಜನ ಅದನ್ನು ‘ದೇವಿ ಹಾಕಿಸುವುದು’ ಎಂದು ಕರೆದು ತಮ್ಮದನ್ನಾಗಿ ಮಾಡಿಕೊಂಡರು. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಎಂಬ ಚಿತ್ರಕಾರ ಮೈಸೂರು ಅರಮನೆಯ ಮೂವರು ಸ್ತ್ರೀಯರ ಚಿತ್ರ ಬರೆದ. ಅದರಲ್ಲಿ ಒಬ್ಬಳು ಸೀರೆಯನ್ನು ಸರಿಸಿ ಎಡತೋಳನ್ನು ತೋರುತ್ತಿದ್ದಾಳೆ. ಅವಳು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯೆಂದೂ, ತೋರುತ್ತಿರುವುದು ಚುಚ್ಚುಮದ್ದಿನ ಜಾಗವನ್ನೆಂದೂ ಇತಿಹಾಸಕಾರರು ಹೇಳುತ್ತಾರೆ. ಅರಮನೆಯ ರಾಣಿಯೇ ಹಾಕಿಸಿಕೊಂಡ ಮೇಲೆ ಪ್ರಜೆಗಳಿಗೇನು ಅಳುಕು ಎಂಬುದು ಆ ಚಿತ್ರದ ಇಂಗಿತ. 1975ರಲ್ಲಿ ಭಾರತದಿಂದಲೂ, 1980ರ ಘೋಷಣೆಯೊಡನೆ ಇಡೀ ಲೋಕದಿಂದಲೂ ಸಿಡುಬು ತೊಲಗಿತು. 2014ರಲ್ಲಿ ನಮ್ಮ ದೇಶ ಪೋಲಿಯೋಮುಕ್ತವೆಂದು ಸಾರಲ್ಪಟ್ಟಿತು. ಇವೆಲ್ಲ ಒಂದೊಂದು ಮನೆಯ ಒಂದೊಂದು ನಿದ್ದೆಗೆಟ್ಟ ರಾತ್ರಿಯಿಂದ ಕಟ್ಟಿದ ಗೆಲವುಗಳು.

ಮತ್ತೆ ಮದ್ದೂರಿನ ಆ ಮನೆಗೆ ಬರೋಣ. ಮಗಳು ಶೀಶೆಯ ಬರೆಹವನ್ನು ಓದಿ, ಗಂಡ ಹೇಳಿದ ಎರಡು ಮಿಲಿಲೀಟರನ್ನು ಬದಿಗಿಟ್ಟು, ಕಾರ್ಡಿನ ಮೇಲೆ ಬರೆಸಿಕೊಂಡು ಬಂದಷ್ಟನ್ನೇ ಹಾಕುತ್ತಾಳೆ. ಹೊದಿಕೆ ಸಡಿಲವಾಗುತ್ತದೆ, ಕಿಟಕಿ ತೆರೆಯುತ್ತದೆ. ಎರಡು ಗಂಟೆಯ ವೇಳೆಗೆ ಕೂಸು ಹಾಲು ಕುಡಿದು ಮಲಗುತ್ತದೆ. ಬೆಳಿಗ್ಗೆ ವೈದ್ಯರಿಗೆ ಫೋನು ಮಾಡಿ ಜ್ವರದ ಚೀಟಿಯನ್ನು ಓದಿ ಹೇಳಿದ್ದಾಗುತ್ತದೆ. ಮರುದಿನ ಸಂಜೆಗೆ ಮೈ ತಣ್ಣಗಾಗುತ್ತದೆ.

ನಾಲ್ಕು ವಾರ ಕಳೆದು ಎರಡನೆಯ ಸುತ್ತಿನ ದಿನ ಬಂದಾಗ ಮಗಳ ಮನಸ್ಸು ಮತ್ತೆ ಹಿಂಜರಿಯುವುದು ಸಹಜ. ಆಗ ಅಜ್ಜಿ ಕುಪ್ಪಸದ ತೋಳನ್ನು ಮೇಲಕ್ಕೆ ಸರಿಸುತ್ತಾಳೆ. ಅಲ್ಲಿ ರೂಪಾಯಿಯಗಲದ ಎರಡು ಹಳೆಯ ಕಲೆಗಳು. ಬಾಲ್ಯದಲ್ಲಿ ದೇವಿ ಹಾಕಿಸಿದ ಗುರುತು.

“ಇದಕ್ಕೂ ಜ್ವರ ಬಂದಿತ್ತಂತೆ ಕಣೆ. ನಮ್ಮಮ್ಮ ರಾತ್ರಿಯೆಲ್ಲ ಎದ್ದಿದ್ದಳಂತೆ. ಆ ಕಾರ್ಡು ತೆಗೆದುಕೋ, ಬಿಸಿಲೇರುವುದರೊಳಗೆ ಹೋಗಿ ಬರೋಣ.”